ರಾಯಚೂರು ಸೀಮೆಯ ಭೂಕಾಂತಕ್ಷೇತ್ರ ಮತ್ತು ಅತಿವಾಹಕ ತೆಳುಪದರದ ಸುಳಿಗಳು

ನಯೋಬಿಯಂ ಲೋಹ ಸುಮಾರು 9.2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುತ್ತದೆ. ಅದರ ತೆಳುಪದರವನ್ನು ಕಾಂತಕ್ಷೇತ್ರದಲ್ಲೇ ತಣಿಸಿದರೆ ಕ್ಷೇತ್ರ ಪೂರ್ತಿ ಹೊರಬೀಳದೆ ಸುಳಿಗಳಾಗಿ ಒಳಗುಳಿಯುತ್ತದೆ. 1957ರಲ್ಲಿ ಅಬ್ರಿಕೊಸೊವ್ ಮುಂಗಂಡ ಈ ಸುಳಿಗಳು ತಲಾ 2.07×10⁻¹⁵ ವೆಬರ್ ಫ್ಲಕ್ಸ್ ಹೊರುತ್ತವೆ. ವಿದ್ಯುತ್ ಹರಿದಾಗ ಅವು ಜರುಗಿದರೆ ರೋಧ ತಲೆದೋರುತ್ತದೆ. ಆದ್ದರಿಂದಲೇ ಪದರದಲ್ಲಿ ನ್ಯಾನೋ ರಂಧ್ರಗಳನ್ನು ಕೊರೆದು ಅವನ್ನು ಕಟ್ಟಿಹಾಕುವುದು. 200 ನ್ಯಾನೋಮೀಟರ್ ಅಂತರದ ಚೌಕ ಜಾಲದಲ್ಲಿ ರಂಧ್ರಕ್ಕೊಂದು ಸುಳಿ ಕೂರಲು ಸುಮಾರು 52 ಮಿಲಿಟೆಸ್ಲಾ ಬೇಕು.

ಇದರ ಮುಂದೆ ಭೂಮಿಯ ಕ್ಷೇತ್ರ ಯಾವ ಲೆಕ್ಕ ಎನ್ನಿಸಬಹುದು. ಆದರೆ ‘ಶೂನ್ಯ ಕ್ಷೇತ್ರ’ವೆಂದು ಬರೆದುಕೊಳ್ಳುವ ಅಳತೆಗೆ ಅದೇ ದೊಡ್ಡ ತೊಡಕು, ಮತ್ತು ಅದು ಸೀಮೆಯಿಂದ ಸೀಮೆಗೆ ಬೇರೆ. ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಅದರ ಬಲವನ್ನು 40 ಮೈಕ್ರೋಟೆಸ್ಲಾ ಎಂದು ಹಿಡಿಯೋಣ. ಕಾಂತೀಯ ಸಮಭಾಜಕವು ಪರ್ಯಾಯದ್ವೀಪದ ದಕ್ಷಿಣ ತುದಿಯ ಬಳಿಯೇ ಹಾಯುವುದರಿಂದ ಇಲ್ಲಿ ಕ್ಷೇತ್ರ ಬಹುಮಟ್ಟಿಗೆ ನೆಲಕ್ಕೆ ಸಮಾಂತರ; ಲಂಬ ಘಟಕ 20 ಮೈಕ್ರೋಟೆಸ್ಲಾಗಿಂತ ಕಡಿಮೆ. ಒಂದು ಚದರ ಮಿಲಿಮೀಟರ್ ಪದರವನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿ ತಣಿಸಿದರೆ 19,000ದಷ್ಟು ಸುಳಿಗಳು ಸಿಕ್ಕಿಬೀಳಬಹುದು. ಮಲಗಿಸಿದರೆ 10,000ಕ್ಕೂ ಕಡಿಮೆ. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಅತಿವಾಹಕತೆಯನ್ನು ಕಂಡ ಲೈಡನ್ನಿನಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಲಂಬ ಘಟಕ ಸುಮಾರು 45 ಮೈಕ್ರೋಟೆಸ್ಲಾ, ಮಲಗಿಸಿದ ಪದರಕ್ಕೆ ಹತ್ತಿರಹತ್ತಿರ 22,000 ಸುಳಿಗಳು. ಯುರೋಪಿನ ಪ್ರಬಂಧಗಳ ಉಳಿಕೆ ಕ್ಷೇತ್ರದ ಅಂಕಿಗಳನ್ನು ನಮ್ಮವರು ಹಾಗೆಹಾಗೇ ಎತ್ತಿಕೊಳ್ಳುವುದು ನನಗೆ ಸರಿಕಾಣದು. (ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದರೆ ಕ್ಷೇತ್ರ ಎರಡೂ ಕಡೆ ಪದರದ ಸಮತಲದಲ್ಲೇ ಬೀಳುತ್ತದೆ, ಕ್ರಯೋಸ್ಟಾಟ್ ಅದಕ್ಕೆ ಆಸ್ಪದ ಕೊಡುವುದು ಅಪರೂಪ.)

ಕಿರಿದಾದ ಪಟ್ಟಿಗಳಲ್ಲಿ ಈ ವ್ಯತ್ಯಾಸ ಇನ್ನೂ ತೀಕ್ಷ್ಣ. ಸ್ಟಾನ್, ಫೀಲ್ಡ್, ಮಾರ್ಟಿನಿಸ್ 2004ರಲ್ಲಿ ನಯೋಬಿಯಂ ಪಟ್ಟಿಗಳ ಮೇಲೆ ತೋರಿಸಿದ್ದೇನೆಂದರೆ, ಒಂದು ಸುಳಿ ಹೊರುವ ಫ್ಲಕ್ಸನ್ನು, ಅಂದರೆ ಫ್ಲಕ್ಸ್ ಕ್ವಾಂಟಮನ್ನು, ಪಟ್ಟಿಯ ಅಗಲದ ವರ್ಗದಿಂದ ಭಾಗಿಸಿದಾಗ ಬರುವ ಪ್ರಮಾಣದ ಕ್ಷೇತ್ರಕ್ಕಿಂತ ಕೆಳಗೆ ತಣಿಸಿದರೆ ಸುಳಿ ಒಳಗೆ ನಿಲ್ಲದು. 45 ಮೈಕ್ರೋಟೆಸ್ಲಾಗೆ ಆ ಅಗಲ 7 ಮೈಕ್ರಾನ್ ಆಸುಪಾಸು. 20ಕ್ಕೆ 10 ಮೈಕ್ರಾನ್. ಅಂದರೆ ಕವಚವಿಲ್ಲದೆ ಲೈಡನ್ನಿನಲ್ಲಿ ಸುಳಿ ಹಿಡಿಯುವ 9 ಮೈಕ್ರಾನ್ ಪಟ್ಟಿ ಇಲ್ಲಿ ಮಲಗಿಸಿದಾಗ ಬರಿದಾಗಿ ಉಳಿಯಬಹುದು.

ಮಾನ್ವಿಗೂ ದೇವದುರ್ಗಕ್ಕೂ ನಡುವೆ ಭೂಮಿಯ ಕ್ಷೇತ್ರದ ಅಂಕಿ ಹೇಳಿಕೊಳ್ಳುವಷ್ಟು ಬದಲಾಗದು. ಗೋಡೆಯೊಳಗಿನ ಕಬ್ಬಿಣದ ಸರಳು, ಪಕ್ಕದ ಪಂಪಿನ ಮೋಟರು ಅದಕ್ಕಿಂತ ಹೆಚ್ಚು ಕೆಡಿಸುತ್ತವೆ. ಆದ್ದರಿಂದ ಕ್ಷೇತ್ರವನ್ನು ಅಳೆಯಬೇಕಾದ್ದು ಅಂಗಳದಲ್ಲಲ್ಲ, ಮಾದರಿ ಕೂರುವ ಜಾಗದಲ್ಲೇ, ಮೂರೂ ದಿಕ್ಕುಗಳಲ್ಲಿ, ತಣಿಸುವ ಮುನ್ನ.