ಗೋಪಿನಾಥಂ ಕಾಡೂ ನ್ಯಾಯದ ಆಳ್ವಿಕೆಯೂ

ಅರಸಿಲ್ಲದ, ಕಾಯಿದೆಯಿಲ್ಲದ ಗ್ರಹಾಂತರವೊಂದನ್ನು ಕಲ್ಪಿಸಿ, ಅಲ್ಲಿ ನಡೆಯುವ ಕೊಲೆ ಸುಲಿಗೆಗಳನ್ನು ವರ್ಣಿಸುವ ಕಥೆಗಳು ವಾಚಕ ಮಹಾಶಯರಿಗೆ ಅಪರಿಚಿತವಲ್ಲ. ನಮ್ಮ ಸೀಮೆಯವರು ಅಂತಹ ಲೋಕಕ್ಕಾಗಿ ಆಕಾಶವನ್ನು ನೋಡಬೇಕಾಗಿಲ್ಲ. ಇಂದಿನ ಹನೂರು ತಾಲ್ಲೂಕಿನ ಗೋಪಿನಾಥಂ ಕಾಡು ಬಹುಕಾಲ ಆ ಅಪಕೀರ್ತಿಗೆ ಪಾತ್ರವಾಗಿದ್ದಿತು. ಆದರೆ ಅಲ್ಲಿ ಕಾಯಿದೆಯೇ ಇರಲಿಲ್ಲವೆಂಬ ಮಾತು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಈ ಸೀಮೆಗೆ ಆಳುವವರ ಕೊರತೆ ಎಂದೂ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಳ್ಳೇಗಾಲವು ಕಂಪೆನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು; ನೆರೆಯ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಲು, ರಾಜ್ಯದ ಎಲ್ಲೆಯು ಮಲೆ ಮಹದೇಶ್ವರ ಬೆಟ್ಟದಾಚೆಯ ಪಾಲಾರಿಗೆ ಸರಿಯಿತು. ನಕಾಶೆಯ ಆ ಗೆರೆಯು ಪೊಲೀಸರನ್ನು ತಡೆಯಿತು; ಕಾಡನ್ನು ಬಲ್ಲ ಕಳ್ಳನನ್ನು ತಡೆಯಲಿಲ್ಲ.

1952ರಲ್ಲಿ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಈ ಎಲ್ಲೆಯ ಮರೆಯಲ್ಲಿಯೇ ಬೆಳೆದನು. ಆನೆಯ ದಂತವೂ ಶ್ರೀಗಂಧವೂ ಅವನ ಸರಕು. 1986ರಲ್ಲಿ ಸೆರೆಸಿಕ್ಕಿಯೂ ತಪ್ಪಿಸಿಕೊಂಡನು. ಅವನನ್ನು ಎದುರಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಬೇರೊಂದು ಮಾರ್ಗವನ್ನು ಹಿಡಿದರು. ಗೋಪಿನಾಥಂ ಜನರೊಡನೆ ಬೆರೆತು, ಔಷಧೋಪಚಾರಗಳಿಗೆ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು ಅವರ ವಿಶ್ವಾಸವನ್ನು ಗಳಿಸಿದರು. ಶರಣಾಗುವೆನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದನು. ಮರಣಾನಂತರ ಅವರಿಗೆ ಕೀರ್ತಿಚಕ್ರವು ಸಂದಿತು.

ಆಮೇಲೆ ಮಾತು ನಿಂತು ಬಂದೂಕವೇ ಮಾತನಾಡಿತು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣರೂ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದರೂ ಸಂಗಡಿಗರೊಡನೆ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ಸಿಡಿಮದ್ದಿಗೆ 22 ಮಂದಿ ಬಲಿಯಾದರು. ಉಭಯ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡನ್ನು ಹೊಕ್ಕುವು. ಸುಳಿವು ಕೊಟ್ಟರೆ ವೀರಪ್ಪನ್ನನ ಭಯ, ಕೊಡದಿದ್ದರೆ ಪಡೆಯ ಭಯ. ಬಡ ಹಳ್ಳಿಗನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು. ಪಡೆಯವರ ಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವರ ಸಮಿತಿಯು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರಧನವನ್ನು ಕೊಡಬೇಕೆಂದು ಸೂಚಿಸಿತು. ಅಷ್ಟರಲ್ಲಿ 2002ರಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರು ಶವವಾಗಿ ದೊರೆತಿದ್ದರು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ನನೂ ಗುಂಡಿಗೆ ಬಲಿಯಾದನು.

ಶ್ರೀನಿವಾಸರ ನಂಬುಗೆಯು ಅವರ ಪ್ರಾಣಕ್ಕೆ ಎರವಾಯಿತೆಂದು ಹೇಳುವವರುಂಟು. ಅದು ಸತ್ಯವೇ. ಆದರೆ ಗೋಪಿನಾಥಂನವರು ತಮ್ಮ ಮಾರಿಯಮ್ಮನ ಗುಡಿಯಲ್ಲಿ ಇರಿಸಿಕೊಂಡುದು ಆ ನಿರಾಯುಧ ಅಧಿಕಾರಿಯ ಭಾವಚಿತ್ರವನ್ನು. ಕಾಯಿದೆಯು ಪುಸ್ತಕದಲ್ಲಿದ್ದು, ಕಾಯುವವನನ್ನೂ ಕೊಲ್ಲುವವನನ್ನೂ ಪ್ರಜೆಯು ಒಂದೇ ಸಮನಾಗಿ ಅಂಜುವ ನಾಡು ಅರಾಜಕವೇ ಸರಿ. ಆ ಅಂಜಿಕೆಯನ್ನು ಕಳೆಯಲು ಇಲ್ಲಿ ಮೊದಲು ಯತ್ನಿಸಿದವರು ಶ್ರೀನಿವಾಸರು. ಈ ಸೀಮೆಯ ಚರಿತ್ರೆಯು ಅವರನ್ನು ಆ ಕಾರಣಕ್ಕಾಗಿ ನೆನೆಯತಕ್ಕುದು.