ಭಂಗಿ, ಗಾಂಜಾ, ಸೆಣಬು: ಹೆಸರುಗಳ ವಿವೇಚನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. ಈ ಜಿಲ್ಲೆಯು ೧೯೯೭ರಲ್ಲಿ ಏರ್ಪಟ್ಟಿತು. ಅದಕ್ಕೆ ಮೊದಲು ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ತೀರ ಈಚೆಗೆ. ಆದುದರಿಂದ ಈ ಸೀಮೆಯ ಬೆಳೆ, ಔಷಧಿ, ಅಬಕಾರಿ ಮೊದಲಾದವುಗಳ ಇತಿಹಾಸವನ್ನು ಅರಸುವವರು ಎರಡು ಹಳೆಯ ಜಿಲ್ಲೆಗಳ ಕಾಗದಪತ್ರಗಳನ್ನು ನೋಡಬೇಕಾಗುತ್ತದೆ. ಹಾಗೆ ನೋಡುವವರಿಗೆ ಅಡ್ಡವಾಗುವ ಒಂದು ಪದವುಂಟು. ಅದು ‘ಹೆಂಪ್’ ಎಂಬ ಆಂಗ್ಲ ಪದ. ಈ ಪದದಿಂದ ಹುಟ್ಟುವ ಭ್ರಾಂತಿಯನ್ನು ಬಿಡಿಸುವುದೂ, ಹೆಸರಿನ ವಿವೇಚನೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ತೋರಿಸುವುದೂ ಈ ಲೇಖನದ ಉದ್ದೇಶವಾಗಿದೆ.

ಆಂಗ್ಲರು ನಾರು ಕೊಡುವ ಹಲವು ಗಿಡಗಳನ್ನು ಈ ಒಂದೇ ಹೆಸರಿನಿಂದ ಕರೆದರು. ಅವುಗಳಲ್ಲಿ ಒಂದು ನಮ್ಮ ಸೆಣಬು. ಇದು ಅವರೆ ತೊಗರಿಗಳ ವರ್ಗಕ್ಕೆ ಸೇರಿದುದು. ಹಳದಿ ಹೂ ಬಿಡುತ್ತದೆ. ಹಗ್ಗಕ್ಕೂ ಗೋಣಿಗೂ ನಾರನ್ನು, ಗದ್ದೆಗೆ ಹಸುರುಗೊಬ್ಬರವನ್ನು ಒದಗಿಸುತ್ತದೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತನ್ನ ಪ್ರವಾಸಗ್ರಂಥದಲ್ಲಿ ‘ಗೋಣಿ’ ಎಂದು ಹೇಳಿರುವ ಗಿಡವು ಇದೇ. ಎರಡನೆಯದು ಪುಂಡಿ. ಇದು ಹತ್ತಿಯ ವರ್ಗದ್ದು. ಇದರ ಸೊಪ್ಪಿನ ಪಲ್ಯವನ್ನು ನಮ್ಮ ಬಯಲುಸೀಮೆಯವರು ರೊಟ್ಟಿಯೊಡನೆ ಉಣ್ಣುತ್ತಾರೆ. ಇದರ ಎಲೆಯು ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಹೈಬಿಸ್ಕಸ್ ಕ್ಯಾನಬಿನಸ್’ ಎಂದು ಹೆಸರಿಟ್ಟರು; ಆದರೆ ಮಾದಕಗುಣವು ಇದರಲ್ಲಿ ಲೇಶವೂ ಇಲ್ಲ. ಮೂರನೆಯದಾದ ಭಂಗಿಯೊಂದೇ ಮಾದಕವಾದುದು. ಹೀಗಿರುವಾಗ ಹಳೆಯ ವರದಿಯೊಂದರಲ್ಲಿ ‘ಹೆಂಪ್’ ಬೆಳೆಯ ಮಾತು ಬಂದ ಮಾತ್ರಕ್ಕೆ ಅಲ್ಲಿ ಗಾಂಜಾ ಬೆಳೆಯುತ್ತಿದ್ದರೆಂದು ಬರೆಯುವುದು ಗೋಣಿ ನೇಯ್ದು ಬದುಕಿದ ರೈತಾಪಿ ಜನಕ್ಕೆ ಇಲ್ಲದ ಚಟವನ್ನು ಅಂಟಿಸಿದಂತಾಗುವುದು.

ಇನ್ನು ಭಂಗಿಯ ಗಿಡದಲ್ಲಿಯೇ ಅಂಗಭೇದದಿಂದ ಬೇರೆ ಬೇರೆ ಹೆಸರುಗಳಿವೆ. ಎಲೆಯು ಭಂಗಿ, ಹೆಣ್ಣುಗಿಡದ ಹೂಗೊಂಚಲು ಗಾಂಜಾ, ಅದರ ಅಂಟು ಚರಸ್. ಈ ಭೇದವು ಕೇವಲ ಶಬ್ದಭೇದವಲ್ಲ. ಅಮಲನ್ನುಂಟುಮಾಡುವ ಟಿ.ಎಚ್.ಸಿ. ಎಂಬ ದ್ರವ್ಯವನ್ನು ೧೯೬೪ರಲ್ಲಿ ಗಾವೋನಿ, ಮೆಕೂಲಮ್ ಎಂಬ ವಿಜ್ಞಾನಿಗಳು ಶೋಧಿಸಿ ತೋರಿಸಿದರು. ಅದು ಎಲೆಯಲ್ಲಿ ಅಲ್ಪವಾಗಿಯೂ ಹೂವಿನಲ್ಲಿ ಹೆಚ್ಚಾಗಿಯೂ ಅಂಟಿನಲ್ಲಿ ಅತಿಶಯವಾಗಿಯೂ ಇರುತ್ತದೆ. ೧೯೮೫ರ ಮಾದಕದ್ರವ್ಯಗಳ ಕಾನೂನು ಕೂಡ ಹೂಗೊಂಚಲನ್ನು ಗಾಂಜಾ ಎಂದು ನಿರ್ವಚಿಸಿ, ಗೊಂಚಲಿನಿಂದ ಬೇರ್ಪಟ್ಟ ಎಲೆಯನ್ನೂ ಬೀಜವನ್ನೂ ಆ ನಿರ್ವಚನದಿಂದ ಹೊರಗಿಟ್ಟಿದೆ. ಇದರಿಂದ ಎಲೆಯು ನಿರಪಾಯವೆಂದು ಸಿದ್ಧವಾಗದು. ಗಿಡವನ್ನು ಬೆಳೆಸುವುದಂತೂ ಹತ್ತು ವರ್ಷಗಳವರೆಗಿನ ಕಠಿಣ ಶಿಕ್ಷೆಗೆ ಗುರಿಯಾದ ಅಪರಾಧ.

ಪ್ರಾಚೀನ ವೈದ್ಯರು ಈ ದ್ರವ್ಯದ ಅಪಾಯವನ್ನು ಅರಿಯದವರಲ್ಲ. ಶಾರ್ಙ್ಗಧರ ಸಂಹಿತೆಯು ಭಂಗಿಯನ್ನು ಅಫೀಮಿನೊಡನೆ ‘ವ್ಯವಾಯಿ’ ಎಂಬ ಗುಂಪಿಗೆ ಸೇರಿಸುತ್ತದೆ. ಅಂದರೆ ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯವೆಂದರ್ಥ. ರಸಶಾಸ್ತ್ರದವರು ‘ವಿಜಯಾ’ ಎಂಬ ಹೆಸರಿನಿಂದ ಇದನ್ನು ಉಪವಿಷಗಳಲ್ಲಿ ಎಣಿಸಿದರು. ನೀರಿಗೆ ಹಸುರು ಬಣ್ಣ ಬಿಡುವುದು ನಿಲ್ಲುವವರೆಗೆ ಎಲೆಯನ್ನು ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿಯುವ ಶೋಧನಕ್ರಮವೂ ಅವರಲ್ಲಿತ್ತು. ಆದರೆ ಶೋಧನವೆಂದರೆ ಅಮಲನ್ನು ತೆಗೆಯುವುದೆಂದು ತಿಳಿಯಬಾರದು. ಮಾದಕಾಂಶವು ನೀರಿನಲ್ಲಿ ಕರಗದು, ಕಾಯಿಸಿದರೆ ಪ್ರಬಲವಾಗುವುದು, ತುಪ್ಪದಲ್ಲಿ ಸುಲಭವಾಗಿ ಸೇರಿಕೊಳ್ಳುವುದು. ಆದುದರಿಂದ ಗ್ರಂಥವನ್ನು ಓದಿ ಮನೆಯಲ್ಲಿ ಶೋಧನೆಗೆ ಕೈಹಾಕುವುದು ಅಪಾಯಕರ.

ಹೆಸರಿನ ಗೊಂದಲಕ್ಕಿಂತಲೂ ಕಾರಣದ ಗೊಂದಲವು ದೊಡ್ಡದು. ೧೮೯೩ರಲ್ಲಿ ಇಂಡಿಯಾ ಸರ್ಕಾರವು ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದು ೧೧೯೩ ಸಾಕ್ಷಿಗಳನ್ನು ವಿಚಾರಿಸಿ ೧೮೯೪ರಲ್ಲಿ ವರದಿಯನ್ನೊಪ್ಪಿಸಿತು. ಗಾಂಜಾದಿಂದ ಹುಚ್ಚು ಹಿಡಿಯುವುದೆಂಬ ಮಾತಿಗೆ ಆಗ ಹುಚ್ಚಾಸ್ಪತ್ರೆಗಳ ದಾಖಲೆಯೇ ಆಧಾರವಾಗಿತ್ತು. ಆಯೋಗದವರು ೧೮೯೨ರಲ್ಲಿ ಸೇರಿದ ೧೩೪೪ ರೋಗಿಗಳ ಪೈಕಿ ಗಾಂಜಾ ಮುಂತಾದವುಗಳಿಂದ ಕೆಟ್ಟವರೆಂದು ಬರೆದಿದ್ದ ೨೨೨ ಜನರ ವೃತ್ತಾಂತವನ್ನು ಒಂದೊಂದಾಗಿ ಪರಿಶೀಲಿಸಿದರು. ಕಡೆಗೆ ನಿಂತದ್ದು ೯೮ ಮಾತ್ರ. ಪೋಲೀಸಿನವರು ಕೇಳಿದ್ದನ್ನು ಬರೆದುಕೊಡುವುದು, ಆಸ್ಪತ್ರೆಯವರು ಅದನ್ನೇ ಕಾರಣದ ಅಂಕಣಕ್ಕೆ ಇಳಿಸುವುದು, ಇದು ರೂಢಿಯಾಗಿತ್ತು. ಶಾಸನದ ಪಾಠವನ್ನು ಮೂಲಕಲ್ಲಿಗೆ ಹೋಲಿಸದೆ ನಕಲಿನಿಂದ ನಕಲು ಮಾಡಿದಂತಹ ದೋಷವಿದು.

ಮಿತವಾದ ಸೇವನೆಯಿಂದ ವಿಶೇಷ ಹಾನಿಯಿಲ್ಲವೆಂದೂ ಅತಿಸೇವನೆಯು ಹಾನಿಕರವೆಂದೂ ಆಯೋಗವು ತೀರ್ಮಾನಿಸಿತು. ಇದನ್ನೇ ಇಂದಿಗೂ ಅಭಯಪತ್ರದಂತೆ ಎತ್ತಿ ಹಿಡಿಯುವವರುಂಟು, ಅದು ಸಲ್ಲದು. ಎಳೆಯ ವಯಸ್ಸಿನಿಂದ ಬಲವಾದ ಗಾಂಜಾವನ್ನು ಅಡಿಗಡಿಗೆ ಸೇದುವವರಲ್ಲಿ ಚಿತ್ತಭ್ರಮೆಯ ಸಂಭವವು ಹೆಚ್ಚೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಎಂದರೆ ಹುಚ್ಚಾಸ್ಪತ್ರೆಯ ದಾಖಲೆಯಲ್ಲಿದ್ದ ಕಾರಣವು ಸಂಪೂರ್ಣವಾಗಿ ಸುಳ್ಳಲ್ಲ. ಅದನ್ನು ನಿಶ್ಚಯಿಸಿದ ರೀತಿಯು ತಪ್ಪು. ಸೇದಿದರೆ ಅಮಲು ನಿಮಿಷಗಳಲ್ಲಿ ಏರುವುದು; ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ತಡವಾಗಿ ಏರಿ ಬಹುಕಾಲ ನಿಲ್ಲುವುದು. ಏರಲಿಲ್ಲವೆಂದು ಮತ್ತೆ ತಿನ್ನುವವರೂ, ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಮಕ್ಕಳೂ ಇದರಿಂದಲೇ ಅಪಾಯಕ್ಕೆ ಸಿಕ್ಕುತ್ತಾರೆ. ಗರ್ಭಿಣಿಯರಿಗೂ ವಾಹನ ನಡೆಸುವವರಿಗೂ ಇದು ವರ್ಜ್ಯ. ಹೊಗೆಯು ಶ್ವಾಸಕೋಶವನ್ನು ಕೆಡಿಸುತ್ತದೆ. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವರ್ಷದೊಳಗೆ ಇದನ್ನು ಸೇವಿಸಿದವರು ಸುಮಾರು ೩.೧ ಕೋಟಿ; ಚಟಕ್ಕೆ ಅಧೀನರಾದವರು ಸುಮಾರು ೨೫ ಲಕ್ಷ; ಅಂದರೆ ಹೆಚ್ಚುಕಡಮೆ ಹನ್ನೆರಡರಲ್ಲಿ ಒಬ್ಬರು.

ಸೂಳೆಕೆರೆಯ ಕೆಳಗಣ ಗದ್ದೆಗೆ ಸೆಣಬು ಬಿತ್ತುವ ರೈತನನ್ನೂ, ಜಗಳೂರಿನ ಬೆದ್ದಲಿನಲ್ಲಿ ಪುಂಡಿಸೊಪ್ಪು ಕೊಯ್ಯುವ ಹೆಂಗಸನ್ನೂ ಗಾಂಜಾದ ಪಂಕ್ತಿಯಲ್ಲಿ ಕೂರಿಸುವ ಇತಿಹಾಸವು ಹೇಗೆ ಸಾಧುವಲ್ಲವೋ, ಎಲ್ಲವೂ ಒಂದೇ ವಿಷವೆಂದು ಹೆದರಿಸುವ ಬೋಧೆಯೂ ಹಾಗೆಯೇ ಸಾಧುವಲ್ಲ. ಒಂದನ್ನು ಸುಳ್ಳೆಂದು ಕಂಡ ಹುಡುಗನು ಉಳಿದುದನ್ನೂ ಸುಳ್ಳೆಂದು ಬಗೆಯುವನು. ಗಿಡ, ಅಂಗ, ಪ್ರಮಾಣ, ವಯಸ್ಸು ಇವುಗಳನ್ನು ವಿಂಗಡಿಸಿ ಹೇಳಿದ ಮಾತನ್ನು ಅವನು ಕೇಳುವನು. ಈ ವಿಂಗಡಣೆಗೆ ಬೇಕಾದ ಶಬ್ದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ. ಅವುಗಳನ್ನು ಸರಿಯಾಗಿ ಬಳಸುವ ಭಾರವು ಅಧ್ಯಾಪಕರದು.