ಕಿಟಕಿಯ ಹಿಂದಿನ ನಿರೂಪ

ವಿದ್ಯಾರಣ್ಯಪುರಂನ ಮನೆಯಲ್ಲಿ ಕುಳಿತು ರೇಡಿಯೋದ ಗುಂಡಿ ತಿರುಗಿಸುವವರಿಗೆ ಕಾಣುವುದು ಪೆಟ್ಟಿಗೆಯ ಮುಖವೊಂದೇ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಂದಿನಿಂದಲೂ, ಯಂತ್ರದ ಬಳಿ ನಿಂತು ಕಾರ್ಯಕ್ರಮ ನಡೆಸುವವರು ಬೇರೆ. ಜೂನ್ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಹೀಗೆಯೇ ಎರಡು ಬಾಗಿಲು. ಮುಂಬಾಗಿಲಲ್ಲಿ ಓದುಗರು ಗುಂಡಿ ಒತ್ತುತ್ತಾರೆ. ಹಿಂಬಾಗಿಲಲ್ಲಿ ಒಂದು ಸಾಲಿನ ಅಪ್ಪಣೆಯನ್ನು ಬೆರಳಚ್ಚಿಸುತ್ತಾರೆ. ಅರಮನೆಯ ಕಾಲದ ಮಾತಿನಲ್ಲಿ ಅದೊಂದು ನಿರೂಪ.

ಇವೆರಡರಲ್ಲಿ ನಿರೂಪವೇ ಹಿರಿಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಗಣಕವು ನಡೆಯುತ್ತಿದ್ದುದು ಬರಹದ ಅಪ್ಪಣೆಯಿಂದ. ವೆಬ್ ಬಂದು ಚಿತ್ರದ ಕಿಟಕಿ ತೆರೆದಮೇಲೆ ಜನರು ಅದನ್ನು ಮರೆತರು. ಆದರೆ ಕಿಟಕಿಗೊಂದು ಮಿತಿಯಿದೆ. ವಿಕಿಪೀಡಿಯದ ತಂತ್ರಾಂಶವನ್ನು ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ, ವೆಬ್ ಮೂಲಕ ಬಂದ ಕೆಲಸಕ್ಕೆ ರೂಢಿಯ ಗಡುವು 30 ಸೆಕೆಂಡು. ಮುಗಿಯದಿದ್ದರೆ ನಡುವೆಯೇ ನಿಂತಿತು! ನಿರೂಪಕ್ಕೆ ಆ ಗಡುವಿಲ್ಲ. 2002ರ ಡಿಸೆಂಬರಿನಲ್ಲಿ ಹೊರಬಂದ 4.3.0 ಆವೃತ್ತಿಯಿಂದ ಈ ಹಿಂಬಾಗಿಲು ಆ ಭಾಷೆಯಲ್ಲಿ ವಿಧಿವತ್ತಾಗಿ ನೆಲೆಗೊಂಡಿತು. ನೂರಾರು ಪುಟಗಳನ್ನು ಹೊಸದುಮಾಡುವಂಥ ದೀರ್ಘ ಕೆಲಸವನ್ನು ಒಂದು ಸಾಲಿನಲ್ಲಿ ಒಪ್ಪಿಸಿ ನಿದ್ರೆಹೋಗಬಹುದು. ಕ್ರಾನ್ ಎಂಬ ಕಾಲಪಾಲಕನು ಹೊತ್ತಿಗೆ ಸರಿಯಾಗಿ ಅದನ್ನು ನಡೆಸುತ್ತಾನೆ.

ಸರ್ವರಿನ ಬೀಗದ ಕೈ ಇಲ್ಲದ ಸ್ವಯಂಸೇವಕರೂ ನಿರೂಪ ಕೊಡಬಲ್ಲರು. ಪೈವಿಕಿಬಾಟ್ ಎಂಬ ಉಪಕರಣವು ಅವರ ಮನೆಯ ಗಣಕದಿಂದಲೇ ವಿಕಿಪೀಡಿಯದ ಪುಟಗಳನ್ನು ತಿದ್ದುತ್ತದೆ. ಅಪಾಯವಿರುವುದೂ ಇಲ್ಲಿಯೇ. 'ಕಾಡು' ಎಂದಿರುವಲ್ಲೆಲ್ಲ 'ಅರಣ್ಯ' ಎಂದು ಮಾಡು ಎಂಬ ಅಪ್ಪಣೆಯನ್ನು ಊಹಿಸಿಕೊಳ್ಳಿ. ಯಂತ್ರಕ್ಕೆ ನಾಮಪದವೂ ಒಂದೇ, ಕ್ರಿಯಾಪದವೂ ಒಂದೇ. 'ಕಾಡುವ ನೆನಪು' ಎಂಬುದು 'ಅರಣ್ಯವ ನೆನಪು' ಆಗಿ ಕೂರುತ್ತದೆ. ಕೈಯಿಂದ ತಿದ್ದುವವನ ತಪ್ಪು ಒಂದು ಪುಟದ್ದು. ನಿರೂಪದ ತಪ್ಪು ಸಾವಿರ ಪುಟದ್ದು. ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಂತೂ ಈ ಭಯ ಹೆಚ್ಚು.

ಆದಕಾರಣ ಆ ಉಪಕರಣದಲ್ಲಿ, ಪುಟವನ್ನು ಮುಟ್ಟದೆ ಫಲಿತಾಂಶವನ್ನು ಮಾತ್ರ ತೋರಿಸುವ 'ಸಿಮ್ಯುಲೇಟ್' ಎಂಬ ಏರ್ಪಾಡಿದೆ. ಮೊದಲು ಅದನ್ನು ಓದಿ, ಬಳಿಕ ಅಪ್ಪಣೆ ಕೊಡುವುದು ವಿವೇಕ. ಪುಟಗಳ ಹಳೆಯ ರೂಪಗಳು ಅಲ್ಲಿ ಉಳಿದಿರುತ್ತವೆ, ನಿಜ. ಆದರೆ ತಪ್ಪನ್ನು ಕಂಡುಹಿಡಿಯಲು ಕನ್ನಡ ಬಲ್ಲ ಕಣ್ಣು ಬೇಕು. ಯಂತ್ರವು ಅಪ್ಪಣೆಯನ್ನು ಪಾಲಿಸುತ್ತದೆ. ವ್ಯಾಕರಣವನ್ನು ಕಾಯಬೇಕಾದವರು ನಾವು.